ಭಾಯಿ ಕೊಟ್ಟ ತಾರೀಕು

ಕಳೆದ ತಿಂಗಳು ಒಂದು ಹಳೆಯ ಬ್ಲೌಸಿನ ಹೊಲಿಗೆ ಬಿಚ್ಚಿಸಿ ಅರ್ಧ ಇಂಚು ಲೂಸ್ ಮಾಡಿಸಿಕೊಂಡು ಬರೋಣವೆಂದು ಶಿವಾಜಿನಗರಕ್ಕೆ ಹೋಗಿದ್ದೆ. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಖಾದರ್ ಭಾಯಿಯ ಅಂಗಡಿ. ಅಂಗಡಿಯೆಂದರೆ ಎಷ್ಟು ಮಹಾ, ಎರಡು ಮಷೀನು, ಒಂದು ಸ್ಟೂಲು, ನೇತುಹಾಕಿದ ಬಟ್ಟೆಗಳ ನಡುವೆ ಭಾಯಿ ಉಸಿರಾಡುವಷ್ಟು ಜಾಗ. ಆಗಷ್ಟೇ ಮಳೆ ನಿಂತಿತ್ತು. ಒದ್ದೆ ಲೈನಿಂಗ್ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟಾಗ ಒಂದು ವಾಸನೆ ಬರುತ್ತದಲ್ಲ, ಅದರ ಜೊತೆಗೆ ಮಷೀನ್ ಎಣ್ಣೆಯದು. ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಮೆಟ್ಟಿಲ ಮೇಲೇ ನಿಂತುಬಿಟ್ಟಿತು. ಮೂರು ವರ್ಷದ ಹಿಂದಿನ ಮಳೆಗಾಲ ಅಷ್ಟೂ ಆ ವಾಸನೆಯಲ್ಲಿ ಕೂತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿದ್ದೆ.

ಆ ವರ್ಷದ ಆಷಾಢದಲ್ಲಿ ನನ್ನ ತಂಗಿ ರೇಣುಕಾ ತೀರಿಕೊಂಡಳು. ಮೂವತ್ತೆಂಟು ವರ್ಷ. ತಾನೇ ಜೀವ ತೆಗೆದುಕೊಂಡಳು. ಈ ಮಾತನ್ನು ಇಷ್ಟು ನೇರವಾಗಿ ಬರೆಯಲು ನನಗೆ ಮೂರು ವರ್ಷ ಹಿಡಿಯಿತು. ಹೇಗೆ ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಅವತ್ತು ಶುಕ್ರವಾರ. ರೇಣುವಿನ ಗಂಡ ಮಹೇಶನ ಫೋನ್ ಬಂದಾಗ ನಾನು ಇಂದಿರಾನಗರದ ನಮ್ಮ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂತಿದ್ದೆ. ಫ್ಯಾಕ್ಟರಿಯಲ್ಲಿದ್ದ ನಮ್ಮವರಿಗೆ ಹೇಗೋ ಸುದ್ದಿ ಮುಟ್ಟಿಸಿ, ಆಟೋ ಹಿಡಿದು ಲಿಂಗರಾಜಪುರದ ಅವಳ ಮನೆಗೆ ಓಡಿದೆ. ಪೊಲೀಸರು, ಆಸ್ಪತ್ರೆ, ಸಹಿ, ಮತ್ತೆ ಸಹಿ. ಸಂಜೆಯ ಹೊತ್ತಿಗೆ ಅವಳ ಮನೆಯ ಮೆಟ್ಟಿಲ ಕೆಳಗೆ ನಾವು ಮೂವರೇ ನಿಂತಿದ್ದಾಗ ನಮ್ಮವರು ಮೆಲ್ಲಗೆ ಹೇಳಿದರು: “ನೋಡು ಸುನಂದಾ, ನಿಮ್ಮವ್ವನಿಗೆ ಈ ವಿಷ್ಯ ಗೊತ್ತಾದ್ರೆ ಅವರೂ ಉಳಿಯಲ್ಲ. ಹಾರ್ಟ್ ಅಟ್ಯಾಕ್ ಅಂತ ಹೇಳ್ಬಿಡೋಣ. ಎಲ್ರಿಗೂ ಅದನ್ನೇ ಹೇಳೋಣ.” ಮಹೇಶ ತಲೆಯಾಡಿಸಿದ. ನಾನೂ ಆಡಿಸಿದೆ. ಅಷ್ಟು ದೊಡ್ಡ ಸುಳ್ಳು ಅರ್ಧ ನಿಮಿಷದಲ್ಲಿ ತೀರ್ಮಾನವಾಗಿಹೋಯಿತು.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಲೇಬೇಕು. ನಾನು ಒಂದು ವಿಮಾ ಕಚೇರಿಯಲ್ಲಿ ಡೆತ್ ಕ್ಲೇಮ್ ವಿಭಾಗದ ಗುಮಾಸ್ತೆ. ಹತ್ತೊಂಬತ್ತು ವರ್ಷದಿಂದ ಸತ್ತವರ ಮನೆಯವರು ನನ್ನ ಮುಂದಿನ ಕುರ್ಚಿಯಲ್ಲಿ ಕೂತು ಎದ್ದು ಹೋಗಿದ್ದಾರೆ. ಫಾರ್ಮಿನಲ್ಲಿ ‘ಮರಣದ ಕಾರಣ’ ಎಂಬ ಒಂದು ಕಾಲಂ ಇರುತ್ತದೆ. ಅದರ ಮುಂದೆ ಪೆನ್ನು ಹಿಡಿದು ಎಷ್ಟು ಜನ “ಹಾರ್ಟ್ ಅಟ್ಯಾಕ್ ಮೇಡಂ” ಎಂದಿದ್ದಾರೋ ಲೆಕ್ಕವಿಲ್ಲ. ಜೊತೆಗಿಟ್ಟ ಆಸ್ಪತ್ರೆಯ ಕಾಗದ ಬೇರೆಯದೇ ಹೇಳುತ್ತಿರುತ್ತದೆ. ಪಾಲಿಸಿ ವರ್ಷ ದಾಟಿದ್ದರೆ ತಾನೇ ಜೀವ ತೆಗೆದುಕೊಂಡವರ ಹಣವೂ ಸಿಗುತ್ತದೆ, ಸುಳ್ಳು ಹೇಳುವ ಅಗತ್ಯವೇ ಇರುವುದಿಲ್ಲ. ಆದರೂ ಹೇಳುತ್ತಾರೆ. ನಾನು ಕನ್ನಡಕದ ಮೇಲಿಂದ ನೋಡಿ, “ಸರಿಯಾಗಿ ಹೇಳ್ರೀ, ಪೇಪರಲ್ಲಿ ಬೇರೆ ಇದೆಯಲ್ಲ” ಅನ್ನುತ್ತಿದ್ದೆ. ಅವರು ತಲೆ ತಗ್ಗಿಸುತ್ತಿದ್ದರು. ನಾನು ಮುಂದಿನ ಟೋಕನ್ ಕರೆಯುತ್ತಿದ್ದೆ. ಎಂಥ ಕಲ್ಲಾಗಿದ್ದೆ ನಾನು!

ಮರುದಿನ ರೇಣುವಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ ಕಳಿಸಿದರು. ಹುಬ್ಬಳ್ಳಿಯಿಂದ ಬಂದ ಚಿಕ್ಕಮ್ಮ ಅವಳ ಹಣೆಗೆ ಕುಂಕುಮ ಹಚ್ಚುತ್ತ, “ಮುತ್ತೈದಿ ಆಗಿ ಹೋದ್ಲವ್ವಾ, ಪುಣ್ಯಾ ಮಾಡಿದ್ಲು” ಎಂದಳು. ಸುತ್ತ ಇದ್ದವರು ಹೌದು ಹೌದು ಎಂದರು. ನನಗೆ ಅವರೆಲ್ಲರ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು. ಎರಡು ವರ್ಷ ನಿದ್ದೆಯಿಲ್ಲದೆ ಒದ್ದಾಡಿ, ಡಾಕ್ಟರ ಮಾತ್ರೆ ನುಂಗಿ, “ಈಗ ಆರಾಮಿದೀನಿ” ಎಂದು ನಮ್ಮನ್ನೆಲ್ಲ ನಂಬಿಸಿ ಹೋದವಳು ಅವಳು. ಆ ಪುಣ್ಯ ಇವರ ಮನೆಗೇ ಬರಲಿ ಎಂದು ಮನಸ್ಸಿನಲ್ಲೇ ಶಪಿಸಿದೆ. ಬಾಯಿ ಬಿಡುವಂತಿರಲಿಲ್ಲ. ಸುಳ್ಳು ಹೇಳಿದವಳು ನಾನೇ ತಾನೆ?

ನಾವು ಮೂಲತಃ ಗದಗಿನ ಕಡೆಯವರು. ಮದುವೆಯಾಗಿ ಇಬ್ಬರೂ ಬೆಂಗಳೂರಿಗೆ ಬಂದೆವು. ಅಪ್ಪ ಹೋದ ಮೇಲೆ ಅವ್ವ ಮರ್ಫಿ ಟೌನಿನ ನಮ್ಮ ಬಾಡಿಗೆ ಮನೆಗೆ ಬಂದು ನಮ್ಮೊಡನೆಯೇ ಉಳಿದಳು. ಬೆಂಗಳೂರಿಗೆ ಬಂದು ಹನ್ನೊಂದು ವರ್ಷವಾದರೂ ಅವ್ವನಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಊಟವಲ್ಲ. ಬೆಳಿಗ್ಗೆ ಅವಳು ರೊಟ್ಟಿ ಬಡಿಯುವ ಸದ್ದಿಗೇ ಪಕ್ಕದ ಮನೆಯ ತಮಿಳರ ಅಜ್ಜಿ ಏಳುತ್ತಿದ್ದದ್ದು. ತಾನೇ ಗಿರಣಿಯ ಮುಂದೆ ನಿಂತು ಬೀಸಿಸಿದ ಹಿಟ್ಟಿನಲ್ಲಿ ರೇಣುವಿಗೆ ಪಾಲು ಕೊಟ್ಟೇ ಕೊಡುತ್ತಿದ್ದಳು.

ರೇಣು ಸಾಯುವ ಹಿಂದಿನ ಭಾನುವಾರವೂ ಕೊಟ್ಟಿದ್ದಳು. ಹತ್ತು ಕಿಲೋ ಹಿಟ್ಟು. ರೇಣುವಿನ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಮನೆ ಮುಟ್ಟಿದವಳೇ ಫೋನ್ ಮಾಡಿ, “ಅವ್ವಾ, ಹತ್ತೂದ್ರಾಗ ಎದಿ ಹಿಡದಂಗಾತು ನೋಡು. ಮುಂದಿನ ಸಲ ಹಿಟ್ಟಿನ ಜೋಡಿ ಒಬ್ಬ ಹಮಾಲನ್ನೂ ಕಳಸು” ಎಂದು ನಕ್ಕಿದ್ದಳು. ಅವ್ವನೂ ನಕ್ಕಿದ್ದಳು.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮಾರನೆಯ ಬೆಳಿಗ್ಗೆ ಮನೆಯಲ್ಲಿ ರೊಟ್ಟಿಯ ಸದ್ದಿಲ್ಲ. ಅಡುಗೆಮನೆಗೆ ಹೋದರೆ ಅವ್ವ ಹಿಟ್ಟಿನ ಡಬ್ಬಿಯ ಮುಂದೆ ಕೂತಿದ್ದಾಳೆ, ಮುಚ್ಚಳ ತೆಗೆದಿಲ್ಲ.

“ನಾನ ಹೊರಸಿದ್ನಿ,” ಎಂದಳು. “ಹತ್ತ ಕಿಲೊ. ಅಕಿ ಎದಿ ಅವತ್ತ ಒಡದಿತ್ತು. ಹೇಳಿದ್ಲು ಅಕಿ, ಎದಿ ಹಿಡೀತು ಅಂತ. ನಾ ನಕ್ಕೆ. ನನ್ನ ಮಗಳನ್ನ ನಾನ ಕೊಂದ್ನೆವ್ವಾ.”

“ಹಂಗಲ್ಲವ್ವಾ,” ಎಂದೆ. ಮುಂದೆ ಏನು ಹೇಳಲಿ? ಹಾಗಲ್ಲದಿದ್ದರೆ ಹೇಗೆ ಎಂದು ಹೇಳಬೇಕಾಗುತ್ತಿತ್ತು.

ಅವತ್ತಿನಿಂದ ಅವ್ವ ಜೋಳದ ಹಿಟ್ಟು ಮುಟ್ಟಲಿಲ್ಲ. ನಾನು ಅನ್ನ ಮಾಡಿದರೆ ನಾಲ್ಕು ತುತ್ತು, ಗಂಜಿ ಕಾಯಿಸಿದರೆ ಅರ್ಧ ಲೋಟ. ಶ್ರಾವಣ ಬಂತು, ಪಂಚಮಿ ಬಂತು. ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಉಂಡಿ ಕಟ್ಟಲಿಲ್ಲ, ಅವ್ವ ಬಾಗಿಲ ಕಡೆ ಮುಖ ಮಾಡಿ ಕೂತು, ಸಂಜೆಯಾದ ಮೇಲೆ ಒಳಗೆ ಎದ್ದುಹೋದಳು. ರವಿಕೆ ಮೈಮೇಲೆ ಜೋಲತೊಡಗಿತು. ನಮ್ಮವರು ಮಾತ್ರ, “ಸ್ವಲ್ಪ ದಿನ, ಸರಿಹೋಗ್ತಾರೆ. ನಿಜ ಗೊತ್ತಾಗಿದ್ರೆ ಇಷ್ಟೊತ್ತಿಗೆ ಏನಾಗ್ತಿತ್ತು ಯೋಚ್ನೆ ಮಾಡು” ಅನ್ನುತ್ತಿದ್ದರು. ಯೋಚನೆ ಮಾಡುವ ಶಕ್ತಿ ನನ್ನಲ್ಲಿ ಎಲ್ಲಿತ್ತು?

ಅದೇ ಶ್ರಾವಣದಲ್ಲಿ ಮಹೇಶ ರೇಣುವಿನ ವ್ಯಾನಿಟಿ ಬ್ಯಾಗು ತಂದುಕೊಟ್ಟ. ಒಳಗೆ ಬಾಚಣಿಗೆ, ಬಸ್ ಪಾಸು, ಒಂದು ಟೈಲರ್ ಚೀಟಿ. ‘ಹಸಿರು ಬ್ಲೌಸ್ 1.’ ಗುರುವಾರದ ತಾರೀಕು ಬರೆದು, ಅದನ್ನು ಹೊಡೆದುಹಾಕಿ, ಶನಿವಾರದ್ದು ಬರೆದಿತ್ತು. ಅಂದರೆ ಗುರುವಾರ ಅವಳು ಅಲ್ಲಿಗೆ ಹೋಗಿದ್ದಾಳೆ, ಆಗಿಲ್ಲ, ಶನಿವಾರ ಬಾ ಅಂದಿದ್ದಾರೆ. ಶನಿವಾರ ಬ್ಲೌಸ್ ಬರುವುದಿದೆ, ಶುಕ್ರವಾರ ಇವಳು ಹೋಗಿಬಿಟ್ಟಿದ್ದಾಳೆ! ಹೊಸ ಬ್ಲೌಸಿಗೆ ಕಾಯುತ್ತಿದ್ದವಳು ಹೇಗೆ ಸಾಯುತ್ತಾಳೆ? ಆ ಚೀಟಿ ಹಿಡಿದು ಬಾತ್‌ರೂಮಿನಲ್ಲಿ ನಲ್ಲಿ ತಿರುಗಿಸಿಟ್ಟು ಅತ್ತೆ.

ಆಮೇಲೆ ನಾನು ಮಾಡಿದ್ದನ್ನು ನಮ್ಮ ವಿಭಾಗದವರು ಬಿಟ್ಟರೆ ಬೇರೆ ಯಾರೂ ಮಾಡಲಾರರು. ತಂಗಿಯ ಸಾವಿಗೆ ಒಂದು ಫೈಲ್ ಓಪನ್ ಮಾಡಿದೆ. ಕಚೇರಿಯಲ್ಲಿ ಅನುಮಾನದ ಕ್ಲೇಮು ಬಂದರೆ ಹೇಗೆ ಮಾಡುತ್ತೇವೋ ಹಾಗೇ. ಹಸಿರು ಟ್ಯಾಗು ಹಾಕಿ, ಪುಟಗಳಿಗೆ ನಂಬರು ಕೊಟ್ಟು, ಮೊದಲ ಪುಟಕ್ಕೆ ಟೈಲರ್ ಚೀಟಿ ಲಗತ್ತಿಸಿದೆ. ಕೊನೆಯ ವಾರದ ಫೋನ್ ಕರೆಗಳ ಪಟ್ಟಿ, ಮಾತ್ರೆ ಚೀಟಿಗಳು, ಅವಳು ಕಳಿಸಿದ ಮೆಸೇಜುಗಳನ್ನು ಕೈಯಲ್ಲಿ ಬರೆದಿಟ್ಟದ್ದು. ಪಕ್ಕದಲ್ಲಿ ನನ್ನ ಪ್ರಶ್ನೆಗಳು. ಏಳನೇ ಪುಟ ನನ್ನದೇ. ಆ ಗುರುವಾರ ಮಧ್ಯಾಹ್ನ ಅವಳು ನನಗೆ ಫೋನ್ ಮಾಡಿದ್ದಳು. “ಅಕ್ಕಾ, ಭಾಯಿ ಅಂಗಡ್ಯಾಗ ಅದೀನಿ. ಇನ್ನೂ ಆಗಿಲ್ಲಂತ. ತೋಳು ಗಿಡ್ಡ ಇಡಸಲೋ, ಮೊಣಕೈ ತನಕ ಇರಲೋ?” “ನಿನಗ ಹ್ಯಾಂಗ ಬೇಕೋ ಹಂಗ ಮಾಡ್ಸವಾ, ಕೌಂಟರ್ ಮುಂದ ಮಂದಿ ನಿಂತಾರ” ಎಂದು ಇಟ್ಟುಬಿಟ್ಟಿದ್ದೆ. ಅದೇ ಕೊನೆಯ ಮಾತು. ಆ ಪುಟದಲ್ಲಿ ಎಷ್ಟು ಪ್ರಶ್ನೆ ಬರೆದೆನೆಂದರೆ ಅಂಚಿನಲ್ಲೂ ಜಾಗ ಉಳಿಯಲಿಲ್ಲ.

ಚೀಟಿ ಹಿಡಿದು ಖಾದರ್ ಭಾಯಿಯ ಅಂಗಡಿಗೆ ಹೋದೆ. ನಮ್ಮಿಬ್ಬರಿಗೂ ಹಳೆಯ ಟೈಲರು. ಅರವತ್ತೈದು ದಾಟಿದ ಮನುಷ್ಯ, ಕೊರಳಲ್ಲಿ ಸದಾ ಟೇಪು. ಕುಶಲ ಕೇಳದೆ ನೇರ ವಿಚಾರಣೆ ಶುರುಮಾಡಿದೆ. “ಗುರುವಾರ ಎಷ್ಟು ಗಂಟೆಗೆ ಬಂದಿದ್ಲು? ಹೇಗಿದ್ಲು? ಏನೇನು ಮಾತಾಡಿದ್ಲು?”

ಭಾಯಿ ಪಾಪ ತಬ್ಬಿಬ್ಬಾದರು. “ಮಳೇಲಿ ನೆಂದ್ಕೊಂಡ್ ಬಂದ್ರು ಮೇಡಂ. ಏದುಸಿರು ಬಿಡ್ತಿದ್ರು. ನೀರು ಕೇಳಿದ್ರು, ಕೊಟ್ಟೆ. ಈ ಸ್ಟೂಲ್ ಮೇಲೇ ಕೂತಿದ್ರು. ಕರೆಂಟ್ ಇರ್ಲಿಲ್ಲಮ್ಮಾ, ನಾಳಿದ್ದು ಬಾ ಅಂದೆ. ‘ಭಾಯಿ, ನಿಮ್ಮ ನಾಳಿದ್ದು ಯಾವಾಗ ಬರುತ್ತೆ?’ ಅಂತ ನಕ್ಕಿದ್ರು. ಯಾಕೆ ಮೇಡಂ, ಏನಾಯ್ತು?”

“ಮಾರನೇ ದಿನ ತೀರ್ಕೊಂಡ್ಲು. ಹಾರ್ಟ್ ಅಟ್ಯಾಕ್.”

ಬಾಯಿಪಾಠದ ಮಾತು, ಸಲೀಸಾಗಿ ಬಂತು. ಭಾಯಿಯ ಮುಖ ಬಿಳಿಚಿಕೊಂಡಿತು. ಮಷೀನು ಹಿಡಿದು ಕೂತುಬಿಟ್ಟರು. ಬ್ಲೌಸ್ ಕೇಳುವ ಮನಸ್ಸೂ ನನಗಿರಲಿಲ್ಲ. ಬಸ್ಸಿನಲ್ಲಿ ಕೂತು ಫೈಲಿನಲ್ಲಿ ಬರೆದೆ: ‘ಏದುಸಿರು. ನೀರು. ನಕ್ಕಳು.’ ನಕ್ಕಳು ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಭಾದ್ರಪದದಲ್ಲಿ ಮಳೆ ಇನ್ನೂ ಜೋರಾಯಿತು. ನಾನು ಕಚೇರಿಯಲ್ಲಿ ತಪ್ಪು ಮಾಡತೊಡಗಿದೆ. ‘ಮರಣದ ಕಾರಣ’ದ ಕಾಲಂ ಬಂದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಪಕ್ಕದ ಸೀಟಿನ ಗಿರಿಜಾ ಒಳ್ಳೆಯ ಮನಸ್ಸಿನವಳು, ದಿನಕ್ಕೊಂದು ವೀಡಿಯೋ ಕಳಿಸುತ್ತಿದ್ದಳು. ಬಿಳಿ ಬಟ್ಟೆ ತೊಟ್ಟ ಯಾರೋ ಒಬ್ಬರು ಕೊಳಲಿನ ಹಿನ್ನೆಲೆಯಲ್ಲಿ, “ನಿಮ್ಮ ಅಂತರಂಗದ ಗಿಡಕ್ಕೆ ದಿನವೂ ನೀರೆರೆಯಿರಿ” ಎನ್ನುತ್ತಿದ್ದರು. ಎರೆಯೋಣಪ್ಪ, ಗಿಡ ಎಲ್ಲಿದೆ ತೋರಿಸು! ಒಳಗೆ ಇಣುಕಿದರೆ ಆ ಏಳನೇ ಪುಟ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಊಟ ಮಣ್ಣಾಗಿತ್ತು. ತಲೆ ಬಾಚುವುದು ಯಾಕೆ ಅನ್ನಿಸುತ್ತಿತ್ತು. ಒಂದು ಸಂಜೆ ಹಲಸೂರು ಕೆರೆಯ ಬೇಲಿ ಹಿಡಿದು ನಿಂತಿದ್ದಾಗ, ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂಬ ಮಾತು ಒಳಗಿನಿಂದ ಯಾರೋ ಹೇಳಿದಷ್ಟು ಸ್ಪಷ್ಟವಾಗಿ ಬಂತು. ರೇಣುವಿಗೂ ಹೀಗೇ ಬಂದಿತ್ತೇ? ಎಷ್ಟು ಹೆದರಿದೆನೆಂದರೆ ಅಲ್ಲಿಂದಲೇ ಗಿರಿಜಾಗೆ ಫೋನ್ ಮಾಡಿದೆ. “ಅಲ್ಲೇ ಇರು, ಅಲ್ಲಾಡ್ಬೇಡ, ಬಂದೆ” ಎಂದಳು. ಹತ್ತು ನಿಮಿಷದಲ್ಲಿ ಸ್ಕೂಟರಿನಲ್ಲಿ ಬಂದು ಕೂರಿಸಿಕೊಂಡು ಹೋದಳು. ಆ ವೀಡಿಯೋಗಳಿಗಾಗಿ ಎಷ್ಟು ಬೈದುಕೊಂಡಿದ್ದೆ ಆ ಪುಣ್ಯಾತ್ಗಿತ್ತಿಯನ್ನು.

ಮಾರನೆಯ ದಿನವೇ ಗಿರಿಜಾ ನನ್ನನ್ನು ಕುಕ್ ಟೌನಿನಲ್ಲಿದ್ದ ಒಬ್ಬ ಆಪ್ತಸಮಾಲೋಚಕಿಯ ಹತ್ತಿರ ಕರೆದೊಯ್ದಳು. ಹಳೆಯ ಬಂಗಲೆಯ ಮುಂಗೋಣೆ, ತಣ್ಣಗೆ, ಶಾಂತವಾಗಿತ್ತು. ಆಕೆ ನೀರು ಕೊಟ್ಟು ಮೆತ್ತಗೆ ಕೇಳಿದರು: “ನಿಮ್ಮ ತಂಗಿ ಹೇಗೆ ತೀರ್ಕೊಂಡ್ರು?”

“ಹಾರ್ಟ್ ಅಟ್ಯಾಕ್,” ಎಂದೆ.

ನೋಡಿ ನನ್ನ ಅವಸ್ಥೆ. ನಿಜ ಹೇಳಲೆಂದೇ ಇರುವ ಕುರ್ಚಿಯಲ್ಲಿ ಕೂತೂ ಸುಳ್ಳು ಹೇಳಿದೆ. ಆಕೆ ಪಾಪ ಹಾರ್ಟ್ ಅಟ್ಯಾಕಿಗೆ ತಕ್ಕ ಸಮಾಧಾನ ಹೇಳಿದರು. “ಅದು ಯಾರ ಕೈಯಲ್ಲೂ ಇರಲಿಲ್ಲ, ನಿಮ್ಮ ತಪ್ಪೇನೂ ಇಲ್ಲ” ಎಂದರು. ಆ ಮಾತು ನನಗೆ ಸೇರಿದ್ದಲ್ಲವಾದ್ದರಿಂದ ನನಗೆ ತಾಗಲೂ ಇಲ್ಲ. ಮತ್ತೆ ಬರುತ್ತೇನೆಂದು ಹೇಳಿ ಬಂದೆ, ಹೋಗಲಿಲ್ಲ.

ದಸರೆ ಕಳೆಯಿತು. ನಮ್ಮ ಕಚೇರಿಯಲ್ಲಿ ಕೇಳಿದ ಕಾಗದ ಬರದಿದ್ದರೆ ರಿಮೈಂಡರ್ ಕಳಿಸುವ ಪದ್ಧತಿ. ನನ್ನ ಫೈಲಿನಲ್ಲೂ ಒಂದು ಪ್ರಶ್ನೆ ಬಾಕಿಯಿತ್ತು: ಸ್ಟೂಲಿನ ಮೇಲೆ ಕೂತಾಗ ಅವಳು ಬೇರೆ ಏನಾದರೂ ಹೇಳಿದಳೇ? ದೀಪಾವಳಿಗೆ ಎರಡು ವಾರವಿದ್ದಾಗ ಒಂದು ಶನಿವಾರ ಮಧ್ಯಾಹ್ನ ಮತ್ತೆ ಶಿವಾಜಿನಗರಕ್ಕೆ ಹೋದೆ. ಆ ಹೊತ್ತಿನಲ್ಲಿ ಟೈಲರುಗಳಿಗೆ ತಲೆ ಎತ್ತಲು ಪುರಸೊತ್ತಿರುವುದಿಲ್ಲ. ಖಾದರ್ ಭಾಯಿಯ ಅಂಗಡಿ ಬಣಬಣ ಎನ್ನುತ್ತಿತ್ತು. ಒಂದು ಮಷೀನಿಗೆ ಬಟ್ಟೆ ಮುಚ್ಚಿತ್ತು. ಇನ್ನೊಂದರಲ್ಲಿ ಅವರು ದಿಂಬಿನ ಕವರು ಹೊಲಿಯುತ್ತಿದ್ದರು. ಗೋಡೆಯಲ್ಲಿ ರಟ್ಟಿನ ತುಂಡು: ‘ಬ್ಲೌಸ್ ಹೊಲಿಯುವುದಿಲ್ಲ.’

“ಇದೇನು ಭಾಯಿ, ಸೀಸನ್ನಲ್ಲಿ?”

ನನ್ನನ್ನು ನೋಡಿ ಎದ್ದು ನಿಂತರು. ಕಣ್ಣು ತಪ್ಪಿಸಿದರು. “ಬ್ಲೌಸ್ ಅಂದ್ರೆ ತಾರೀಕು ಕೊಡ್ಬೇಕಲ್ಲ ಮೇಡಂ. ನನ್ ಕೈಲಿ ತಾರೀಕು ಕೊಡಕ್ಕಾಗ್ತಿಲ್ಲ.”

“ಯಾಕೆ?”

ಅವರು ಟೇಪನ್ನು ಕೊರಳಿಂದ ತೆಗೆದು ಕೈಗೆ ಸುತ್ತಿಕೊಳ್ಳತೊಡಗಿದರು. “ನಲ್ವತ್ತು ವರ್ಷದಿಂದ ಸುಳ್ಳು ತಾರೀಕು ಕೊಡ್ತಾ ಬಂದಿದೀನಿ. ಎಲ್ಲಾ ಟೈಲರೂ ಕೊಡ್ತಾರೆ. ಗಿರಾಕಿಗೂ ಗೊತ್ತು, ನಮ್ಗೂ ಗೊತ್ತು. ಅವತ್ತು ಆ ಬ್ಲೌಸ್ ಕಟಿಂಗೂ ಆಗಿರ್ಲಿಲ್ಲ ಮೇಡಂ. ಕರೆಂಟ್ ಇರ್ಲಿಲ್ಲ ಅಂದ್ನಲ್ಲ, ಅದೂ ಸುಳ್ಳು. ಆ ಹೆಣ್ಮಗು ಬಸ್‌ಸ್ಟ್ಯಾಂಡಿಂದ ಮಳೇಲಿ ಓಡ್ಕೊಂಡ್ ಬಂದಿತ್ತು. ಉಸಿರು ಸಿಕ್ತಿರ್ಲಿಲ್ಲ. ಹಾರ್ಟ್ ವೀಕ್ ಇರೋರ್ನ ನಾನು ಸುಮ್ಸುಮ್ನೆ ಓಡಾಡಿಸ್ದೆ. ಮಾರ್ನೇ ದಿನ ಹೋಗ್ಬಿಡ್ತು. ನನ್ನಿಂದ್ಲೇ ಅಲ್ವಾ ಮೇಡಂ? ನಮಾಜಿಗೆ ನಿಂತ್ರೂ ಅದೇ ಕಣ್ಣಿಗ್ ಬರುತ್ತೆ. ನೀರು ಕೇಳಿದ್ದು.”

ಮನೆಯಲ್ಲಿ ಅವ್ವ ಹಿಟ್ಟಿನ ಡಬ್ಬಿಯ ಮುಂದೆ ಕೂತು ಸಾಯುತ್ತಿದ್ದಾಳೆ. ಇಲ್ಲಿ ಈ ಮುದುಕ ಅನ್ನದ ಕಸುಬು ಬಿಟ್ಟು ದಿಂಬಿನ ಕವರು ಹೊಲಿಯುತ್ತಿದ್ದಾನೆ. ಇಬ್ಬರ ಎದೆಯಲ್ಲೂ ಇಲ್ಲದ ಕೊಲೆಯೊಂದನ್ನು ತಂದಿಟ್ಟವಳು ನಾನು. ಯಾರನ್ನೋ ಉಳಿಸಲೆಂದು ಹೇಳಿದ ಆ ಎರಡು ಪದ ಊರೆಲ್ಲ ಅಲೆದು ಸಿಕ್ಕವರ ಕುತ್ತಿಗೆ ಹಿಡಿಯುತ್ತಿತ್ತು. ಸ್ಟೂಲಿನ ಮೇಲೆ ಕುಸಿದು ಕೂತೆ. ರೇಣು ಕೂತಿದ್ದ ಸ್ಟೂಲು.

“ಭಾಯಿ, ಹಾರ್ಟ್ ಅಟ್ಯಾಕ್ ಅಲ್ಲ,” ಎಂದೆ. “ಅವಳ ಹಾರ್ಟ್ ಚೆನ್ನಾಗಿತ್ತು. ಅವಳೇ ಜೀವ ತಗೊಂಡ್ಲು. ಎರಡು ವರ್ಷದಿಂದ ಮನಸ್ಸಿಗೆ ಹುಷಾರಿರ್ಲಿಲ್ಲ. ನಾವು ಎಲ್ಲರಿಗೂ ಸುಳ್ಳು ಹೇಳಿದ್ವಿ. ನಿಮ್ಮ ಬ್ಲೌಸಿನಿಂದ ಏನೂ ಆಗಿಲ್ಲ.”

“ಯಾ ಅಲ್ಲಾ,” ಎಂದರು ಭಾಯಿ. ಪಾಪ, ದೋಷ, ನರಕ, ಯಾವ ಮಾತೂ ಆಡಲಿಲ್ಲ. ನೆಲದ ಮೇಲೆ ಕತ್ತರಿಸಿದ ತುಂಡುಬಟ್ಟೆಗಳ ನಡುವೆ ಕೂತರು. “ನೀರು ಕೇಳ್ತು, ಕೊಟ್ಟೆ. ಬೇರೆ ಏನಾದ್ರೂ ಕೇಳಿದ್ರೂ ಕೊಡ್ತಿದ್ನಲ್ಲಮ್ಮಾ” ಎಂದರು. ಅವರು ಅತ್ತರು. ಅವರು ಅತ್ತದ್ದಕ್ಕೆ ನಾನೂ ಅತ್ತೆ, ಅಂಗಡಿಯ ಬಾಗಿಲು ತೆರೆದಿದ್ದರೂ, ಗಲ್ಲಿಯಲ್ಲಿ ಜನ ಓಡಾಡುತ್ತಿದ್ದರೂ. ನಾಲ್ಕು ತಿಂಗಳಲ್ಲಿ ಮೊದಲ ಸಲ ರೇಣುವಿಗಾಗಿ ಬಚ್ಚಿಡದೆ ಅತ್ತೆ. ಅಲ್ಲಿಯವರೆಗೆ ಅತ್ತದ್ದೆಲ್ಲ ಸಿಕ್ಕಿಬೀಳುವ ಹೆದರಿಕೆಯಲ್ಲಿ.

ಆಮೇಲೆ ಭಾಯಿ ಕಪಾಟಿನಿಂದ ಒಂದು ಪೇಪರ್ ಪೊಟ್ಟಣ ತೆಗೆದರು. “ನೀವು ಬಂದ್ಹೋದ್ರಲ್ಲ, ಆವತ್ತೇ ಹೊಲ್ದಿಟ್ಟೆ. ಕೊಡೋಕೆ ಧೈರ್ಯ ಬರ್ಲಿಲ್ಲ.” ಹಸಿರು ಬ್ಲೌಸು, ಮೊಣಕೈವರೆಗೆ ತೋಳು. ಒಳಗಿನ ಹೊಲಿಗೆಯ ಆಚೆ ಅಗಲಕ್ಕೆ ಬಟ್ಟೆ ಬಿಟ್ಟಿತ್ತು. “ಒಳಗೆ ಒಂದಿಂಚು ಬಿಡಿ, ಅಕ್ಕನೂ ಹಾಕೋತಾಳೆ ಅಂದಿದ್ರು,” ಎಂದರು ಭಾಯಿ.

ಇದೇ, ಇದೇ ನಾನು ಹುಡುಕುತ್ತಿದ್ದದ್ದು. ಹೋಗುವುದು ಗೊತ್ತಿದ್ದೇ ನನಗೆ ಬಿಟ್ಟುಹೋದಳು! ಹಾಗೆಂದು ಕೂಗಿಯೂಬಿಟ್ಟೆ. ಭಾಯಿ ಅಲ್ಲವೆಂದು ತಲೆಯಾಡಿಸಿ ಅಳತೆಯ ಪುಸ್ತಕ ತೆಗೆದರು. ಉರ್ದುವಿನಲ್ಲಿ ಬರೆದದ್ದು, ನನಗೆ ಓದಲು ಬಾರದು. ಅವರು ಬೆರಳಿಟ್ಟು ಓದಿದರು: “ಅಂದರ್ ಏಕ್ ಇಂಚ್. ಅಕ್ಕ.” ಪುಟ ತಿರುವಿದರು. ಹಿಂದಿನ ಯುಗಾದಿಯ ಬ್ಲೌಸು. “ಅಂದರ್ ಏಕ್ ಇಂಚ್. ಅಕ್ಕ.” ಅದರ ಹಿಂದಿನ ವರ್ಷದ್ದು. ಅದರಲ್ಲೂ ಅಕ್ಕ. “ಯಾವಾಗ್ಲೂ ಹಂಗೇ ಹೇಳೋದಮ್ಮಾ ಅವ್ರು. ಹೊಸದೇನಲ್ಲ.”

ಫೈಲಿಗೆ ಸೇರಿಸಲು ಅದರಲ್ಲಿ ಏನೂ ಇರಲಿಲ್ಲ. ಒಬ್ಬ ತಂಗಿ ಪ್ರತಿಸಲ ಬ್ಲೌಸಿಗೆ ಕೊಟ್ಟಾಗಲೂ ದಪ್ಪಗಿನ ಅಕ್ಕನನ್ನು ನೆನೆಸಿಕೊಂಡಿದ್ದಳು, ಅಷ್ಟೇ. ಆ ಗುರುವಾರವೂ ನೆನೆಸಿಕೊಂಡಿದ್ದಳು. ಮಾರನೆಯ ದಿನ ಅದು ಅವಳನ್ನು ಹಿಡಿದು ನಿಲ್ಲಿಸಲಿಲ್ಲ. ಈ ಎರಡನ್ನೂ ಒಂದೇ ಪುಟದಲ್ಲಿ ಹೇಗೆ ಬರೆಯುವುದು ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಮನೆಗೆ ಬಂದಾಗ ಐದು ಗಂಟೆ. ನಮ್ಮವರು ಇನ್ನೂ ಫ್ಯಾಕ್ಟರಿಯಿಂದ ಬಂದಿರಲಿಲ್ಲ. ಅವ್ವ ಕಿಟಕಿಯ ಹತ್ತಿರ ಚಾಪೆಯ ಮೇಲೆ ಮಲಗಿದ್ದಳು. ಹತ್ತಿರ ಕೂತು ಕೈ ಹಿಡಿದೆ. ಬಳೆ ಮೊಣಕೈವರೆಗೆ ಜಾರುತ್ತಿತ್ತು. ತಡಮಾಡಿದರೆ ಧೈರ್ಯ ಹೋದೀತೆಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವ್ವನಿಂದ ಮುಚ್ಚಿಟ್ಟಿದ್ದ ರೇಣುವಿನ ಕಾಯಿಲೆ, ಮಾತ್ರೆಗಳು, ಆ ಶುಕ್ರವಾರ, ಮೆಟ್ಟಿಲ ಕೆಳಗೆ ನಾವು ಮಾಡಿದ ತೀರ್ಮಾನ. ಹೇಗೆ ಎಂಬುದನ್ನು ಅವ್ವ ಕೇಳಲಿಲ್ಲ. ಕಣ್ಣು ಮಿಟುಕಿಸದೆ ಸೂರು ನೋಡುತ್ತಿದ್ದಳು. ಸತ್ತೇಹೋದಳೇನೋ ಎಂದು ಭಯವಾಗಿ, “ಅವ್ವಾ” ಎಂದೆ.

“ಹಂಗಾರ,” ಎಂದಳು ಅವ್ವ, “ಹಿಟ್ಟಿನಿಂದ ಅಲ್ಲ?”

“ಅಲ್ಲವ್ವಾ. ಹಿಟ್ಟಿನಿಂದ ಅಲ್ಲ.”

ಎದ್ದು ಕೂತಳು. ಕೂತವಳೇ ನನ್ನ ಕೆನ್ನೆಗೆ ಹೊಡೆದಳು. ಅಷ್ಟು ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ! “ನಾಕ ತಿಂಗಳು! ನಾಕ ತಿಂಗಳು ನನ್ನ ಸುಟ್ಟೇಲ್ಲ ನೀ! ನನ್ನ ಮಗಳು ಅಷ್ಟು ತ್ರಾಸ ತಿಂದ್ಲು, ಅದನ್ನರ ನನಗ ಅಳಾಕ ಬಿಡಬೇಕಿತ್ತಿಲ್ಲೋ?” ಇನ್ನೊಂದು ಏಟು ಹೊಡೆಯಲು ಎತ್ತಿದ ಕೈಯಿಂದಲೇ ನನ್ನ ತಲೆಯನ್ನು ಎಳೆದು ಮಡಿಲಿಗೆ ಹಾಕಿಕೊಂಡಳು. “ಅಯ್ಯ ನನ ಕೂಸ, ಯಾಕ ಹೇಳಲಿಲ್ಲ ನೀ, ಯಾಕ ಹೇಳಲಿಲ್ಲ” ಎಂದು ಅಳತೊಡಗಿದಳು. ನನ್ನನ್ನು ಕೇಳುತ್ತಿದ್ದಳೋ ರೇಣುವನ್ನೋ, ಇಬ್ಬರನ್ನೂ ಇರಬೇಕು. ನಮ್ಮವರು ಬಂದು ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತುಕೊಂಡರು.

ನಿಜ ಹೇಳಿದ್ದರಿಂದ ಹಗುರಾಯಿತು ಎಂದರೆ ಅದೂ ಸುಳ್ಳೇ ಆಗುತ್ತದೆ. ಹಗುರಾಗಲಿಲ್ಲ. ಅವ್ವ ಮೂರು ದಿನ ಮಲಗಿದಲ್ಲೇ ಇದ್ದಳು. ನಾಲ್ಕನೆಯ ಬೆಳಿಗ್ಗೆ ಸದ್ದಿಗೆ ಎಚ್ಚರವಾಯಿತು. ಅಳುತ್ತ ರೊಟ್ಟಿ ಬಡಿಯುತ್ತಿದ್ದಳು. ಆ ಹಳೆಯ ಹಿಟ್ಟು ಕಹಿಯಾಗಿತ್ತು, ಇಬ್ಬರೂ ತಿಂದೆವು. ನಾನು ಕುಕ್ ಟೌನಿಗೆ ಮತ್ತೆ ಹೋಗಿ, “ಮೇಡಂ, ಹೋದಸಲ ನಿಮಗೆ ಸುಳ್ಳು ಹೇಳಿದ್ದೆ” ಎಂದೆ. ಆಕೆ ಹೊಸ ಹಾಳೆ ತೆಗೆದುಕೊಂಡರು. ಒಂದೂವರೆ ವರ್ಷ ಹೋದೆ. ಕೌಂಟರಿನಲ್ಲಿ ಯಾರಾದರೂ ಆ ಕಾಲಂ ಮುಂದೆ ಪೆನ್ನು ತಡೆದು ಕೂತರೆ ಈಗ ಕನ್ನಡಕದ ಮೇಲಿಂದ ನೋಡುವುದಿಲ್ಲ. “ನನ್ನ ತಂಗಿನೂ ಹಾಗೇ ಹೋದ್ಲು. ನಿಧಾನಕ್ಕೆ ಬರೀರಿ” ಎನ್ನುತ್ತೇನೆ. ಭಾಯಿಗೆ ಹೇಳಿದ ಮಾತು, ನಿಮ್ಮಿಂದ ಏನೂ ಆಗಿಲ್ಲ ಎಂಬುದು, ಅದನ್ನು ನನಗೆ ನಾನೇ ಹೇಳಿಕೊಳ್ಳಲು ಮಾತ್ರ ಪೂರ್ತಿ ಆಗಿಲ್ಲ. ಕೆಲವು ದಿನ ಅರ್ಧ ಹೇಳಿಕೊಳ್ಳುತ್ತೇನೆ. ಫೈಲು ಬೀರುವಿನಲ್ಲಿದೆ. ಕ್ಲೋಸ್ ಮಾಡಿಲ್ಲ, ಹೊಸ ಪುಟವನ್ನೂ ಸೇರಿಸಿಲ್ಲ.

ಹಸಿರು ಬ್ಲೌಸನ್ನು ಭಾಯಿ ಆಗಲೇ ನನ್ನ ಅಳತೆಗೆ ಅರ್ಧ ಇಂಚು ಲೂಸ್ ಮಾಡಿಕೊಟ್ಟಿದ್ದರು. ಆಗ ನಾನು ಸೊರಗಿ ಕಡ್ಡಿಯಾಗಿದ್ದೆ, ಅಷ್ಟು ಸಾಕಾಗಿತ್ತು. ಈಗ ಅವ್ವನ ರೊಟ್ಟಿ ತಿಂದು ಮತ್ತೆ ಮೊದಲಿನ ಗಾತ್ರಕ್ಕೆ ಬಂದಿದ್ದೇನೆ. ಕಳೆದ ತಿಂಗಳು ಹೋದದ್ದು ಅದಕ್ಕೇ.

ಭಾಯಿ ಬ್ಲೌಸನ್ನು ಒಳಮಗ್ಗುಲು ಮಾಡಿ ಬೆಳಕಿಗೆ ಹಿಡಿದರು. “ಇಷ್ಟೇ ಉಳಿದಿರೋದಮ್ಮಾ. ಇದು ಬಿಚ್ಚಿದ್ರೆ ಮುಗೀತು. ಇನ್ಮೇಲೆ ನೀವೇ ಸ್ವಲ್ಪ ನೋಡ್ಕೊಂಡು ತಿನ್ಬೇಕು.”

“ಅದೆಲ್ಲ ಬೇಡ, ಯಾವಾಗ ಕೊಡ್ತೀರ ಹೇಳಿ.”

ರಟ್ಟಿನ ಬೋರ್ಡು ಹೋಗಿ ಎರಡೂವರೆ ವರ್ಷವಾಗಿದೆ, ಮಷೀನಿನ ಸುತ್ತ ಬ್ಲೌಸುಗಳ ರಾಶಿ. ಆದರೂ ತಾರೀಕು ಕೇಳಿದಾಗ ಒಂದು ಕ್ಷಣ ತಡೆಯುತ್ತಾರೆ. ತಡೆದರು. ಆಮೇಲೆ ಚೀಟಿಯಲ್ಲಿ ಬರೆದುಕೊಟ್ಟರು. “ಗುರುವಾರ. ಪಕ್ಕಾ.”

ಗುರುವಾರ ಕಚೇರಿ ಮುಗಿಸಿಕೊಂಡು ಹೋದೆ. ಮಳೆ ಹಿಡಿದಿತ್ತು. ಬಸ್‌ಸ್ಟ್ಯಾಂಡಿನಿಂದ ಓಡಿ ಏದುಸಿರು ಬಿಡುತ್ತ ಸ್ಟೂಲಿನ ಮೇಲೆ ಕೂತೆ. ಭಾಯಿ ಕೇಳುವ ಮೊದಲೇ ನೀರು ತಂದುಕೊಟ್ಟರು, ನಾನು ಕುಡಿದು ಮುಗಿಸುವವರೆಗೆ ನಿಂತು ನೋಡಿದರು.

ಬ್ಲೌಸು ಆಗಿರಲಿಲ್ಲ.

“ನಾಳಿದ್ದು,” ಎಂದರು, ತಪ್ಪು ಮಾಡಿದವರ ದನಿಯಲ್ಲಿ.

“ಆಯ್ತು ಭಾಯಿ,” ಎಂದೆ, “ನಾಳಿದ್ದು ಬರ್ತೀನಿ.”

ಶನಿವಾರ ಹೋದೆ.